ಕಾಂಪೌಂಡರ ಸಣ್ಣ ಮೋಟಾರ್ ಸೈಕಲ್ಲು

ನನ್ನ ಕಾಲು ಗಿಡ್ಡ. ಇದನ್ನು ಮೊದಲೇ ಹೇಳಿಬಿಟ್ಟರೆ ನಾನು ಸಣ್ಣ ಮೋಟಾರ್ ಸೈಕಲ್ಲನ್ನು ಯಾಕೆ ಆರಿಸಿಕೊಂಡೆ ಎಂಬುದರ ಅರ್ಧ ಕಥೆ ಮುಗಿದ ಹಾಗೆ. ಉಳಿದ ಅರ್ಧ ಅಷ್ಟು ಸುಲಭವಾಗಿ ಮುಗಿಯುವಂಥದ್ದಲ್ಲ. ಇಷ್ಟು ವರ್ಷವಾದರೂ ನನ್ನ ಮಟ್ಟಿಗೆ ಅದು ಮುಗಿದಿಲ್ಲ.

ಆಗ ಯುದ್ಧದ ಕಾಲ. ಮಲ್ಲಂದೂರಿನ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್ ಆಗಿದ್ದೆ. ಆಳುಗಳ ಹಾಜರಿ ಬರೆಯುವುದು, ಕುಯಿಲಿನ ಕಾಲದಲ್ಲಿ ಹಣ್ಣು ಅಳೆಸುವುದು, ಕಣದಲ್ಲಿ ಪಾರ್ಚ್‌ಮೆಂಟ್ ಬೀಜ ಒಣಗಿತೋ ಇಲ್ಲವೋ ಎಂದು ಹಲ್ಲಿಗಿಟ್ಟು ನೋಡುವುದು, ಇಂಥ ಕೆಲಸ. ಸಾಹುಕಾರರು ಆಲ್ದೂರು ಕಡೆ ಇನ್ನೊಂದು ತೋಟ ಕೊಂಡರು. "ಎರಡೂ ಕಡೆ ನೀವೇ ನೋಡ್ಕಳಿ ರೈಟ್ರೇ. ಬೆಳಿಗ್ಗೆ ಇಲ್ಲಿ, ಮಧ್ಯಾಹ್ನ ಅಲ್ಲಿ" ಎಂದರು. ಹೇಗೆ ಎಂದು ಅವರು ಹೇಳಲಿಲ್ಲ, ಕೇಳುವ ಎದೆಗಾರಿಕೆ ನನಗಿರಲಿಲ್ಲ. ಆ ದಿನಗಳಲ್ಲಿ ಬಸ್ಸು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿತ್ತು. ಏರಿನಲ್ಲಿ ಅದು ನಿಂತರೆ ಟಿಕೆಟ್ ಕೊಂಡವರೇ ಇಳಿದು ತಳ್ಳಬೇಕಿತ್ತು. ಇನ್ನು ನನ್ನ ಸೈಕಲ್ಲು ಇಳಿಜಾರಿನಲ್ಲಿ ನನ್ನನ್ನು ಹೊರುತ್ತಿತ್ತು, ಏರಿನಲ್ಲಿ ನಾನು ಅದನ್ನು ಹೊರುತ್ತಿದ್ದೆ.

ಎಸ್ಟೇಟಿನ ಲಾರಿ ಡ್ರೈವರು ನನಗೆ ಮೋಟಾರ್ ಸೈಕಲ್ ಕಲಿಸಿದ. ಕಣದ ಸುತ್ತ ಹತ್ತು ದಿನ ಸುತ್ತಿದ್ದಷ್ಟೇ ನನ್ನ ವಿದ್ಯೆ. ಮಾರುವುದಕ್ಕೆ ಎರಡು ಗಾಡಿಗಳಿವೆ ಎಂದು ತಿಳಿಯಿತು. ಒಂದು, ಇಂಗ್ಲೆಂಡಿಗೆ ವಾಪಸ್ ಹೊರಟ ಒಬ್ಬ ಬಿಳಿ ದೊರೆಯದು. ಕೋಣದಂಥ ಗಾಡಿ, ಹೊಳೆಯುವ ಟ್ಯಾಂಕು, ಚರ್ಮದ ಸೀಟು. ಇನ್ನೊಂದು ಆಲ್ದೂರು ದಾರಿಯಲ್ಲಿ ಔಷಧಿ ಕೊಡುತ್ತಿದ್ದ ಕಾಂಪೌಂಡರದು. ಅದು ಸೈಕಲ್ಲಿಗೆ ಅಣ್ಣ, ಮೋಟಾರ್ ಸೈಕಲ್ಲಿಗೆ ತಮ್ಮ. ಪೆಟ್ರೋಲಿಗೇ ಎಣ್ಣೆ ಬೆರೆಸಿ ಹೊಯ್ಯಬೇಕು, ನೀಲಿ ಹೊಗೆ ಬಿಡುತ್ತದೆ, ಸದ್ದು ಗಂಟಲು ಕಟ್ಟಿದ ಟಗರಿನದು.

ಯಾರ ಆಸೆ ತಾನೇ ದೊಡ್ಡದರ ಮೇಲೆ ಹೋಗುವುದಿಲ್ಲ? ದೊರೆಯ ಗಾಡಿಯನ್ನು ಕಣಕ್ಕೆ ತರಿಸಿ ಹತ್ತಿದೆ. ಎರಡು ಸುತ್ತು ಸುಖವಾಗಿ ಹೋಯಿತು. ನಿಲ್ಲಿಸುವಾಗ ಕಾಲು ನೆಲಕ್ಕೆ ಎಟುಕಲಿಲ್ಲ. ಗಾಡಿ ನನ್ನ ಮೇಲೆ ಮಲಗಿತು. ಕಾಫಿ ಹರವುತ್ತಿದ್ದ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಮೂವರು ಸೇರಿ ಎತ್ತಿದರು.

ಡ್ರೈವರು ನಗಲಿಲ್ಲ. "ಗಾಡಿ ತಗಳಕ್ಕೆ ಮುಂಚೆ ಬೀಳ್ಸಿ ನೋಡ್ಬೇಕು ಮಾರಾಯ್ರೆ" ಎಂದ. "ಓಡ್ಸಿ ನೋಡದು ಎಂತಕ್ಕೆ? ಓಡದು ಎಲ್ಲಾ ಗಾಡಿನೂ ಓಡ್ತದೆ. ಮಳೆಗಾಲ್ದಲ್ಲಿ ಕೆಸರಲ್ಲಿ ಬಿದ್ದಾಗ ನೀವೊಬ್ರೇ ಎತ್ತಕ್ಕಾದ್ರೆ ಅದು ನಿಮ್ಮ ಗಾಡಿ."

ಮೋಟಾರ್ ಸೈಕಲ್ ಬಗ್ಗೆ ನಾನು ಆಮೇಲೆ ಎಷ್ಟೋ ಜನರ ಮಾತು ಕೇಳಿದ್ದೇನೆ. ಇಷ್ಟು ಸರಿಯಾದ ಮಾತನ್ನು ಯಾರೂ ಹೇಳಲಿಲ್ಲ. ಕಾಂಪೌಂಡರ ಗಾಡಿಯ ಬೆಲೆಯೂ ನನ್ನ ಕೈಗೆಟುಕುವಷ್ಟಿತ್ತು, ಪೆಟ್ರೋಲ್ ಕೂಪನ್ನಿನ ಕಾಲಕ್ಕೆ ಅದರ ಹೊಟ್ಟೆಯೂ ಚಿಕ್ಕದು. ನಾನು ಕಾಂಪೌಂಡರ ಮನೆಗೆ ಹೋದೆ.

ಕಾಂಪೌಂಡರು ತೀರಿಕೊಂಡು ಆಗ ಎರಡು ತಿಂಗಳಾಗಿತ್ತು. ಸುತ್ತಲಿನ ತೋಟಗಳ ಕೂಲಿಯವರ ಲೈನು ಮನೆಗಳಿಗೆಲ್ಲ ಚಳಿಜ್ವರಕ್ಕೆ ಕ್ವಿನೈನ್ ಕುಡಿಸುತ್ತ ತಿರುಗಿದವರಿಗೆ ಅದೇ ಜ್ವರ ಬಂತು. ಇದ್ದಿಲಿನ ಬಸ್ಸಿನಲ್ಲಿ ಮಲಗಿಸಿಕೊಂಡು ಪೇಟೆಯ ಆಸ್ಪತ್ರೆಗೆ ಕರೆದೊಯ್ದರು. ವಾಪಸ್ ಬರಲಿಲ್ಲ. ಮಣ್ಣೂ ಅಲ್ಲಿಯೇ ಆಯಿತಂತೆ. ಗಾಡಿ ಮಾತ್ರ ಮನೆಯ ಪಕ್ಕದ ಸೌದೆ ಕೊಟ್ಟಿಗೆಯಲ್ಲಿ ಉಳಿದಿತ್ತು. ಮಾರುತ್ತಿದ್ದವರು ಅವರ ಹೆಂಡತಿಯ ಅಣ್ಣ.

ಡ್ರೈವರ ಮಾತಿನಂತೆ ನಾನು ಗಾಡಿಯನ್ನು ಅಂಗಳಕ್ಕೆ ತಂದು ನೆಲದ ಮೇಲೆ ಮಲಗಿಸಿದೆ. ಆಗ ಬಾಗಿಲಿನಿಂದ "ಮೆಲ್ಲಗೆ" ಎಂಬ ಮಾತು ಕೇಳಿತು. ತಲೆಯೆತ್ತಿ ನೋಡಿದರೆ ಕಾಂಪೌಂಡರ ಹೆಂಡತಿ ಚೌಕಟ್ಟು ಹಿಡಿದು ನಿಂತಿದ್ದರು. ಸತ್ತವರ ಅಂಗಳದಲ್ಲೇ ಸತ್ತವರ ಗಾಡಿಯನ್ನು ಕೆಡವಿ ಪರೀಕ್ಷೆ ಮಾಡುತ್ತಿದ್ದೇನೆ ಎಂದು ನನಗೆ ಹೊಳೆದದ್ದು ಆಗಲೇ. ಬೆವರಿಬಿಟ್ಟೆ. ಒಂದೇ ಎಳೆತಕ್ಕೆ ಗಾಡಿ ಎದ್ದು ನಿಂತಿತು. "ಸರಿ" ಎಂದೆ. ಆಕೆ ಒಳಗೆ ಹೋದರು.

ಈ ದಾರಿಯ ಬಗ್ಗೆ ಸ್ವಲ್ಪ ಹೇಳಬೇಕು. ಆಲ್ದೂರು ಕಡೆಯ ತೋಟದಿಂದ ವಾಪಸ್ ಬರುವಾಗ ಒಂದು ದಿಬ್ಬ, ದಿಬ್ಬದ ತುದಿಯಲ್ಲಿ ಒಂದು ತಿರುವು. ಅಲ್ಲಿಂದ ಇಳಿಜಾರು. ಇಳಿಜಾರು ಶುರುವಾಗಿ ಕೂಗಳತೆ ದೂರದಲ್ಲಿ ಕಾಂಪೌಂಡರ ಮನೆ. ಅವರ ಬಚ್ಚಲು ರಸ್ತೆಗೆ ಅಂಟಿಕೊಂಡೇ ಇತ್ತು. ಮನೆ ದಾಟಿ ಇಳಿಜಾರು ಮೋರಿಯವರೆಗೆ ಮುಂದುವರಿಯುತ್ತಿತ್ತು. ನನಗೆ ಬೇರೆ ದಾರಿ ಇರಲಿಲ್ಲ.

ಮೊದಲ ವಾರದಲ್ಲೇ ನನಗೆ ಅರ್ಥವಾಯಿತು, ನಾನು ಕೊಂಡದ್ದು ಬರೀ ಗಾಡಿಯನ್ನಲ್ಲ ಎಂದು. ನೀಲಿ ಹೊಗೆಯ ಗಾಡಿ ಬರುವ ಸದ್ದು ಕೇಳಿದರೆ ಸಾಕು, ಲೈನುಗಳಿಂದ ಜನ ಖಾಲಿ ಬಾಟಲಿ ಹಿಡಿದು ರಸ್ತೆಗೆ ಬರುತ್ತಿದ್ದರು. ಬಾಟಲಿಯ ಮೈಗೆ ಎಷ್ಟು ಹೊತ್ತಿಗೆ ಎಷ್ಟು ಕುಡಿಯಬೇಕೆಂದು ಕಾಂಪೌಂಡರು ಕತ್ತರಿಸಿ ಅಂಟಿಸಿದ ಕಾಗದದ ಪಟ್ಟಿ ಇನ್ನೂ ಹಾಗೇ ಇರುತ್ತಿತ್ತು. ನನ್ನ ಮುಖ ಕಂಡ ಕೂಡಲೇ ಬಾಟಲಿಯನ್ನು ಬೆನ್ನ ಹಿಂದೆ ಅಡಗಿಸುತ್ತಿದ್ದರು, ತಪ್ಪು ಅವರದು ಎಂಬಂತೆ. ಸತ್ತದ್ದು ಅವರಿಗೂ ಗೊತ್ತಿತ್ತು. ಕಿವಿಗೆ ಗೊತ್ತಿರಲಿಲ್ಲ. ನನಗೆ ಸಿಟ್ಟು ಬರುತ್ತಿತ್ತು, ಯಾರ ಮೇಲೆ ಎಂದು ಮಾತ್ರ ತಿಳಿಯುತ್ತಿರಲಿಲ್ಲ.

ಒಂದು ಸಂಜೆ ತಿರುವು ದಾಟಿ ಸದ್ದು ಮಾಡಿಕೊಂಡು ಇಳಿದು ಬರುವಾಗ ಆಕೆ ಅಂಗಳದಲ್ಲಿ ಅಕ್ಕಿ ಕೇರುತ್ತಿದ್ದರು. ಮೊರ ಹಿಡಿದ ಕೈ ನಿಂತಿತು. ನಾನು ಮನೆ ದಾಟಿ ಹೋಗುವವರೆಗೂ ಆ ಕೈ ಅಲುಗಲಿಲ್ಲ. ಅವತ್ತು ನನಗೆ ಊಟ ಸೇರಲಿಲ್ಲ. ಗಂಡನನ್ನು ಕಳೆದುಕೊಂಡವರ ಕಿವಿಯಲ್ಲಿ ದಿನವೂ ಗಂಡನ ಗಾಡಿಯನ್ನು ಓಡಿಸುತ್ತಿದ್ದೇನಲ್ಲ, ಇದೆಂಥ ಪಾಪ ಎಂದು ಒದ್ದಾಡಿದೆ.

ಮಧ್ಯಾಹ್ನ ಹೋಗುವಾಗ ಏರು, ಸದ್ದಿಲ್ಲದೆ ಹತ್ತುವಂತಿಲ್ಲ. ಸಂಜೆಯಾದರೂ ಅವರಿಗೆ ನೆಮ್ಮದಿ ಇರಲಿ ಎಂದು ಒಂದು ಉಪಾಯ ಮಾಡಿದೆ. ಹ್ಯಾಂಡಲಿನ ಮೇಲೆ ಬೆರಳಷ್ಟು ಉದ್ದದ ಒಂದು ಕಡ್ಡಿ ಇತ್ತು. ಅದನ್ನು ಒತ್ತಿದರೆ ಎಂಜಿನ್ನು ಉಸ್ಸೆಂದು ಉಸಿರು ಬಿಟ್ಟು ನಿಲ್ಲುತ್ತಿತ್ತು. ತಿರುವಿಗೆ ಬಂದ ಕೂಡಲೇ ಕಡ್ಡಿ ಒತ್ತುವುದು, ಸದ್ದಿಲ್ಲದೆ ಮನೆಯ ಮುಂದೆ ಜಾರಿಕೊಂಡು ಹೋಗುವುದು. ಮೋರಿಯ ಹತ್ತಿರ ಕ್ಲಚ್ ಬಿಟ್ಟರೆ ಎಂಜಿನ್ನು ತಾನೇ ಎದ್ದುಕೊಳ್ಳುತ್ತಿತ್ತು. ಪೆಟ್ರೋಲೂ ಉಳಿಯುತ್ತಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಆದರೆ ನಾನು ಮಾಡಿದ್ದು ಆಕೆಗಾಗಿ. ದಿನವೂ ಕಡ್ಡಿ ಒತ್ತುವಾಗ ನನ್ನಂಥ ಸೂಕ್ಷ್ಮದವನು ಈ ಸೀಮೆಯಲ್ಲಿ ಇನ್ನೊಬ್ಬನಿಲ್ಲ ಎಂದು ಒಳಗೊಳಗೇ ಬೀಗುತ್ತಿದ್ದೆ.

ಹೀಗೆ ನಾಲ್ಕು ತಿಂಗಳು ನಡೆಯಿತು. ಕುಯಿಲು ಮುಗಿಯಿತು, ಕಾಫಿ ಅರಳಿಸುವ ಹೂಮಳೆ ಬಂದು ಹೋಯಿತು. ಜಾರಿಕೊಂಡು ಬರುವಾಗ ಬಚ್ಚಲ ಕಡೆಯಿಂದ ಪ್ರತಿದಿನವೂ ಟಣ್ ಎಂದು ತಾಮ್ರದ ಸದ್ದು ಕೇಳುತ್ತಿತ್ತು. ಯಾವುದೋ ಪಾತ್ರೆ ಎಂದುಕೊಂಡು ಮುಂದೆ ಹೋಗುತ್ತಿದ್ದೆ.

ಮಳೆಗಾಲದ ಮೊದಲ ವಾರ. ಸಂಜೆ ಎಂದಿನಂತೆ ತಿರುವಿನಲ್ಲಿ ಕಡ್ಡಿ ಒತ್ತಿದೆ. ಅವರ ಮನೆಯ ಎದುರಿಗೇ ಕೆಸರಿನಲ್ಲಿ ಮುಂದಿನ ಗಾಲಿ ಜಾರಿತು, ದಬಾರನೆ ಬಿದ್ದೆ. ಗಾಡಿಯನ್ನು ಒಬ್ಬನೇ ಎತ್ತಿದೆ, ಡ್ರೈವರ ಮಾತು ಸುಳ್ಳಾಗಲಿಲ್ಲ. ಮೊಣಕಾಲು ತರಚಿತ್ತು, ಮೈಯೆಲ್ಲ ರಾಡಿ. ಆಕೆ ಹೊರಗೆ ಬಂದು, "ಇತ್ಲಾಗೆ ಬನ್ನಿ ರೈಟ್ರೇ, ಕಾಲು ತೊಳ್ಕಳಿ" ಎಂದರು.

ಜಗಲಿಯ ಮೆಟ್ಟಿಲ ಮೇಲೆ ತಾಮ್ರದ ತಂಬಿಗೆ ಇತ್ತು. ಅದರಿಂದ ಹಬೆ ಏಳುತ್ತಿತ್ತು. ಪಕ್ಕದಲ್ಲಿ ಮಡಿಸಿದ ಪಂಚೆಯ ತುಂಡು, ಕಾಲಿಗೆ ಕಚ್ಚಿದ ಇಂಬಳ ಬಿಡಿಸಲೆಂದು ಎಲೆಯ ಮೇಲೆ ಒಂದು ಚಿಟಿಕೆ ಸುಣ್ಣ. ನಾನು ಬಿದ್ದು ಎದ್ದು ಬರುವಷ್ಟರಲ್ಲಿ ಇಷ್ಟೆಲ್ಲ ಹೇಗೆ ಸಿದ್ಧವಾಯಿತು?

"ನಾನು ಬೀಳ್ತೀನಿ ಅಂತ ನಿಮಗೆ ಹೆಂಗೆ ಗೊತ್ತಾತು ಅಕ್ಕಾ?" ಎಂದು ತಮಾಷೆಗೆ ಕೇಳಿದೆ.

ಆಕೆ ನಗಲಿಲ್ಲ. "ನಿಮಗೆ ಅಂತ ಇಟ್ಟಿದ್ದಲ್ಲ" ಎಂದರು. ತಂಬಿಗೆಯನ್ನು ನನ್ನ ಕಡೆ ಸರಿಸಿ ಹೇಳಿದರು: "ಅವ್ರು ಆ ತಿರುವಲ್ಲೇ ಎಂಜಿನ್ ನಿಲ್ಲಿಸ್ತಿದ್ರು, ಪೆಟ್ರೋಲ್ ಉಳೀಲಿ ಅಂತ. ಸದ್ದು ನಿಂತ್ ಕೂಡ್ಲೇ ನಾನು ಹಂಡೆ ಮುಚ್ಚಳ ತೆಗ್ದು ಬಿಸಿನೀರು ತೋಡ್ತಿದ್ದೆ. ರೋಗದವ್ರನ್ನ ಮುಟ್ಟಿ ಬಂದೋರು, ಕೈಕಾಲು ತೊಳೀದೆ ಒಳಗೆ ಬತ್ತಿರಲಿಲ್ಲ. ಅವ್ರು ಅಂಗಳಕ್ಕೆ ಬರದಕ್ಕೂ ತಂಬಿಗೆ ಮೆಟ್ಲ ಮೇಲೆ ಇರದಕ್ಕೂ ಸರಿ ಆಗ್ತಿತ್ತು. ಹನ್ನೊಂದು ವರ್ಷ."

ನನ್ನ ಕೈಯಲ್ಲಿದ್ದ ನೀರು ಕೈಯಲ್ಲೇ ಉಳಿಯಿತು. "ಹಂಗಾರೆ ಈ ನಾಲ್ಕು ತಿಂಗಳು..."

"ದಿನಾಲೂ. ಇವತ್ತು ತೋಡಬಾರ್ದು ಅಂತ ಕೂತಿರ್ತೀನಿ. ಸದ್ದು ನಿಲ್ತದೆ, ಕೈ ಅದ್ರಷ್ಟಕ್ಕೆ ಹೋಗ್ತದೆ. ತಂದು ಇಟ್ಟಾಗ ನೀವು ಮುಂದೆ ಹೋಗಿರ್ತೀರಿ. ಆ ನೀರನ್ನ ದಾಸವಾಳದ ಬುಡಕ್ಕೆ ಚೆಲ್ತೀನಿ."

ದಾಸವಾಳದ ಗಿಡ ಮೆಟ್ಟಿಲ ಪಕ್ಕದಲ್ಲೇ ಇತ್ತು. ಬಿಸಿನೀರು ಬಿದ್ದು ಬಿದ್ದು ಒಂದು ಕಡೆಯ ರೆಂಬೆಗಳೆಲ್ಲ ಒಣಗಿಹೋಗಿದ್ದವು.

ನಿಮಗೆ ನೋವಾಗಬಾರದೆಂದು ನಿಲ್ಲಿಸುತ್ತಿದ್ದೆ ಎಂದು ತೊದಲಿದೆ. "ಗೊತ್ತಿಲ್ದೆ ಮಾಡಿದ್ದು, ಬಿಡಿ" ಎಂದರು. ನಾನು ಗಾಡಿಯ ಹತ್ತಿರ ಹೋದಾಗ ಹಿಂದಿನಿಂದ ಹೇಳಿದರು: "ನಾಳೆಯಿಂದ ಸದ್ದು ಮಾಡ್ಕಂಡೇ ಹೋಗಿ ರೈಟ್ರೇ. ಸದ್ದು ಇದ್ರೆ ಅದು ನೀವು. ನಿಂತ್ರೆ ಅವ್ರು."

ಮರುದಿನ ತಿರುವಿನಿಂದ ಮೋರಿಯವರೆಗೆ ಎಂಜಿನ್ನನ್ನು ಬೇಕೆಂದೇ ಅರಚಿಸಿಕೊಂಡು ಇಳಿದೆ. ನೋಡಬಾರದೆಂದುಕೊಂಡರೂ ಕಣ್ಣು ಮೆಟ್ಟಿಲಿಗೆ ಹೋಯಿತು. ತಂಬಿಗೆ ಇರಲಿಲ್ಲ. ನನಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ನಾಲ್ಕು ತಿಂಗಳು ದಿನವೂ ಮನೆಗೆ ಬರುತ್ತಿದ್ದ ಒಬ್ಬರನ್ನು ಅವತ್ತಿನಿಂದ ಬರದ ಹಾಗೆ ಮಾಡಿದವನು ನಾನೇ ಅನ್ನಿಸಿತು.

ಸಣ್ಣ ಗಾಡಿಯ ದೊಡ್ಡ ದೋಷವೊಂದನ್ನು ಯಾರೂ ನನಗೆ ಹೇಳಿರಲಿಲ್ಲ. ಬೆರೆಸುವ ಎಣ್ಣೆ ಒಂದಿಷ್ಟು ಹೆಚ್ಚಾದರೆ ಪ್ಲಗ್ಗಿಗೆ ಮಸಿ ಹಿಡಿದು ಎಂಜಿನ್ನು ಇದ್ದಕ್ಕಿದ್ದಂತೆ ಸಾಯುತ್ತದೆ. ಆ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಸಂಜೆ ಹಾಗಾಯಿತು. ಆದದ್ದು ಸರಿಯಾಗಿ ಆ ತಿರುವಿನಲ್ಲಿ. ನಾನು ಕಡ್ಡಿ ಮುಟ್ಟಿರಲಿಲ್ಲ. ಮಂಜು ದಟ್ಟವಾಗಿತ್ತು, ಮನೆ ಕಾಣುತ್ತಿರಲಿಲ್ಲ. ಗಾಡಿಯಿಂದ ಹಾರಿ ಹುಚ್ಚನ ಹಾಗೆ ಕಿಕ್ಕರ್ ಒದ್ದೆ, ಒದ್ದೆ, ಒದ್ದೆ. ಎಂಜಿನ್ನು ಹೊತ್ತಲಿಲ್ಲ.

ಕೆಳಗಿನಿಂದ, ಮಂಜಿನೊಳಗಿನಿಂದ, ಟಣ್ ಎಂದು ಹಂಡೆಯ ಮುಚ್ಚಳ ತೆಗೆದ ಸದ್ದು ಬಂತು.

ನನಗೆ ಅಳು ಬಂದುಬಿಟ್ಟಿತು. ಎರಡೂ ಕೈ ಬಾಯಿಗೆ ಹಿಡಿದು ಕೂಗಿದೆ: "ಅಕ್ಕಾ, ನಾನು! ನಾನು, ರೈಟರು!"

ಬಹಳ ಹೊತ್ತಿನ ಮೇಲೆ ಮುಚ್ಚಳ ಮುಚ್ಚಿದ ಸದ್ದು ಕೇಳಿತು.