ಹದಿನಾಲ್ಕು ಇಂಚಿನ ಟಿವಿಯ ಮುಂದೆ

ಚಾಚಾ ಡಿಸ್ಕಿನ ನಡುವಿನ ತೂತಿಗೆ ತೋರುಬೆರಳು ತೂರಿಸಿ, ಅದರ ಮೇಲೆ ಬಾಯಿಂದ ಆವಿ ಬಿಟ್ಟು, ಹಳೆಯ ಬನಿಯನ್ನಿನ ತುಂಡಿನಿಂದ ಒಳಗಿನಿಂದ ಅಂಚಿನ ಕಡೆಗೆ ಒರೆಸುತ್ತಿದ್ದರು. ಗಡ್ಡಕ್ಕೆ ಹಚ್ಚಿದ ಮೆಹಂದಿ ಆ ಬೆರಳಿನ ಉಗುರಿಗೂ ಅಂಟಿರುತ್ತಿತ್ತು. ಗಡಿಯಾಚೆಯ ಉಮದಿಯ ಬಸ್ ಸ್ಟ್ಯಾಂಡಿನ ಹತ್ತಿರ ಸಿಡಿ ಅಂಗಡಿ ಇಟ್ಟಿದ್ದ ಅವರನ್ನು ಊರೆಲ್ಲ ಚಾಚಾ ಎನ್ನುತ್ತಿತ್ತು.

ವ್ಯಾಪಾರದಲ್ಲಿ ಅವರು ಅಷ್ಟಕ್ಕಷ್ಟೆ. ಡಿವಿಡಿ ಪ್ಲೇಯರ್ ಕೇಳಿದವರಿಗೆ ಮೊದಲು, "ಟಿವಿ ಎಷ್ಟ ಇಂಚಿಂದ್ರಿ?" ಎನ್ನುವರು. ನಾನು ಅಲ್ಲಿಯ ಕನ್ನಡ ಶಾಲೆಯ ಮಾಸ್ತರ. ನನ್ನದು ಹದಿನಾಲ್ಕು ಇಂಚಿನ ಟಿವಿ.

"ಹಂಗಾರ ವಿಸಿಡಿನ ಸಾಕ್ರಿ ಗುರೂಜಿ. ಸಣ್ಣ ಟಿವಿಯೊಳಗ ಭಾಳ ಫರಕ್ ಕಾಣಂಗಿಲ್ಲ. ಸಣ್ಣ ಅಕ್ಷರದಾಗ ಅಷ್ಟ ಗೊತ್ತಾಗತೈತಿ."

ನಾನು ಅವರ ಮಾತು ಕೇಳದೆ ಡಿವಿಡಿ ಪ್ಲೇಯರನ್ನೇ ಒಯ್ದೆ. ವಾರ ಕಳೆದರೂ ಚಿತ್ರ ಮಸುಕು ಮಸುಕು. ಗಿರಾಕಿಗಳ ಮುಂದೆಯೇ ಹೋಗಿ ರೇಗಿದೆ, ಕೆಟ್ಟ ಮಷೀನ್ ಕೊಟ್ಟಿದ್ದೀರಿ ಎಂದೆ. "ಸಂಜಿಗೆ ಮನಿಗೆ ಬಂದ ನೋಡ್ತೀನ್ರಿ" ಎಂದರು ಚಾಚಾ. ಸಂಜೆ ಒಂದೇ ಸಿನಿಮಾದ ವಿಸಿಡಿ, ಡಿವಿಡಿ ಎರಡನ್ನೂ ಹಿಡಿದು ಮನೆಗೆ ಬಂದರು.

ಮೊದಲು ವಿಸಿಡಿ ಹಾಕಿದರು. ನಟರ ಹೆಸರುಗಳು ಬರತೊಡಗಿದವು. ಚಾಪೆಯ ಮೇಲೆ ಕುಳಿತ ನನ್ನ ಹೆಂಡತಿ ದೊಡ್ಡ ಅಕ್ಷರ ಓದಿ, ಸಣ್ಣವುಗಳಲ್ಲಿ ತಡವರಿಸಿದಳು. ಆಮೇಲೆ ಡಿವಿಡಿ. ಈಗ ಎಲ್ಲವನ್ನೂ ಸರಾಗ ಓದಿದಳು. "ಎಷ್ಟ ಸಾಫ್ ಐತಿ ನೋಡ್ರಿ!" ಎಂದು ಚಹಾ ಮಾಡಲು ಒಳಗೆ ಹೋದಳು.

ನನಗೆ ಎರಡರಲ್ಲೂ ಕಂಡದ್ದು ಬಿಳಿಯ ಗೀಚು ಮಾತ್ರ.

ಚಾಚಾ ಚಿತ್ರ ನಿಲ್ಲಿಸಿದರು. ಟಿವಿ ಬಿಟ್ಟು ನನ್ನ ಮುಖ ನೋಡುತ್ತಿದ್ದರು. "ಗುರೂಜಿ, ಕೆಳಗಿನ ಸಾಲ ಓದ್ರಿ."

ಓದಲಾಗಲಿಲ್ಲ. ಯಾರಿಗೂ ಹೇಳದ್ದನ್ನು ಅವರಿಗೆ ಹೇಳಿಬಿಟ್ಟೆ. ನನ್ನ ಅಪ್ಪ ನನ್ನ ವಯಸ್ಸಿನಲ್ಲೇ ಪೂರ್ತಿ ಕುರುಡಾಗಿದ್ದರು. ಒಂದು ವರ್ಷದಿಂದ ನಾನು ವರ್ಗದಲ್ಲಿ ಪಾಠವನ್ನು ಮಕ್ಕಳಿಂದಲೇ ಓದಿಸುತ್ತಿದ್ದೆ. ಡಾಕ್ಟರು ಏನು ಹೇಳುತ್ತಾರೋ ಎಂಬ ಹೆದರಿಕೆಗೆ ಆಸ್ಪತ್ರೆಯ ಕಡೆ ಸುಳಿದಿರಲಿಲ್ಲ. ಕಣ್ಣು ಹೋದರೆ ನೌಕರಿಯೂ ಹೋಯಿತು.

ಚಾಚಾ ಡಿಸ್ಕು ತೆಗೆದು ಜೋಪಾನವಾಗಿ ಕವರಿಗೆ ಹಾಕಿದರು. "ಮಷೀನ್ ಚಲೋ ಐತ್ರಿ. ನಾಳಿ ಮುಂಜಾನಿ ಬಸ್ಸಿಗೆ ವಿಜಾಪುರಕ್ಕ ಹೋಗೂಣು. ನಾ ಜೋಡಿ ಬರ್ತೀನಿ."

ಮರುದಿನ ಅಂಗಡಿ ಮುಚ್ಚಿ ಬಂದರು. ಡಾಕ್ಟರು ಕಣ್ಣಿಗೆ ಔಷಧ ಹಾಕಿ, ಬಹಳ ಹೊತ್ತು ಒಳಗೆಲ್ಲ ನೋಡಿ, "ನಿಮ್ಮ ತಂದೀಗಿದ್ದ ಬ್ಯಾನಿ ನಿಮಗಿಲ್ರಿ. ಬರೇ ನಂಬರ್ ಬಂದೈತಿ" ಎಂದರು.

ಹೊರಗೆ ಬಂದೆ. ಔಷಧದಿಂದಾಗಿ ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. ಮೆಟ್ಟಿಲ ಮೇಲಿಂದ ಚಾಚಾ ಎದ್ದು ನಿಂತರು.

"ಏನಂದ್ರು?"

"ಬರೇ ಚಷ್ಮಾ ಅಂತ, ಚಾಚಾ."

ಚಾಚಾ ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡರು. ಆಮೇಲೆ, "ಹಂಗಾರ ನನ್ನ ಮಷೀನಿನ ಮರ್ಯಾದಿ ಉಳೀತು!" ಎಂದು ಕೆಮ್ಮು ಬರುವವರೆಗೆ ನಕ್ಕರು. ನಾನೂ ನಗುತ್ತ ಮೆಟ್ಟಿಲ ಮೇಲೆಯೇ ಕೂತೆ. ಕ್ಷಮೆ ಕೇಳಲು ಹೋದರೆ, "ಮದ್ಲ ಹೊಟ್ಟಿಗೇನರ ತಿನ್ರಿ" ಎಂದು ನನ್ನ ಕೈ ಹಿಡಿದು ರಸ್ತೆ ದಾಟಿಸಿದರು. ಎದುರಿನ ಖಾನಾವಳಿಯಲ್ಲಿ ನಾನು ಐದು ರೊಟ್ಟಿ ತಿಂದೆ. ಎಷ್ಟೋ ತಿಂಗಳ ಮೇಲೆ ಊಟ ರುಚಿಸಿತ್ತು.

ಚಷ್ಮಾ ಬಂದ ದಿನ ಎರಡೂ ಡಿಸ್ಕನ್ನು ಅಂಗಡಿಯಿಂದ ತಂದು ಮತ್ತೆ ಹಾಕಿ ನೋಡಿದೆ. ವಿಸಿಡಿಯಲ್ಲಿ ಅಕ್ಷರದ ಅಂಚು ಪುಡಿಪುಡಿಯಾಗಿತ್ತು, ಡಿವಿಡಿಯಲ್ಲಿ ಪಾಟಿಯ ಮೇಲೆ ಬರೆದಷ್ಟು ಸ್ಪಷ್ಟ. ಉಳಿದಂತೆ ಮುಖ, ಮನೆ, ಮರಗಳಲ್ಲಿ ಹೇಳುವಂಥ ಫರಕು ಕಾಣಲಿಲ್ಲ. ಚಾಚಾ ಹೇಳಿದ್ದೇ ಸರಿ.

ಮುಂದೆ ನಿವೃತ್ತಿಯವರೆಗೂ ಪಾಠವನ್ನು ನಾನೇ ಓದಿದೆ.

ಕೆಲವು ವರ್ಷಗಳ ಹಿಂದೆ ಚಾಚಾ ತೀರಿಕೊಂಡರು. ಮಣ್ಣು ಮುಗಿಸಿ ಅವರ ಮನೆಗೆ ಹೋಗಿ ಅವರ ಹೆಂಡತಿ ಚಾಚಿಯ ಮುಂದೆ ಕೂತೆ. ಏನಾದರೂ ಹೇಳಬೇಕೆನಿಸಿ, ವಿಜಾಪುರಕ್ಕೆ ಹೋಗಿಬಂದ ಆ ದಿನದ ಕಥೆಯನ್ನೆಲ್ಲ ಹೇಳಿದೆ.

ಚಾಚಿ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನನ್ನೇ ನೋಡಿದರು. "ಹೌದೇನ್ರಿ ಗುರೂಜಿ? ನಮಗ ಒಂದ ದಿನಾನೂ ಹೇಳಿಲ್ಲ ನೋಡ್ರಿ."