ತುಪ್ಪ ಬಿಟ್ಟ ದೊಡ್ಡಪ್ಪ

ನಮ್ಮ ಗುಬ್ಬಿ ದೊಡ್ಡಪ್ಪನ ಜುಬ್ಬದ ಜೇಬು ಸದಾ ಉಬ್ಬಿಕೊಂಡೇ ಇರುತ್ತಿತ್ತು. ಒಳಗೆ ನೋಟಿನ ಕಟ್ಟಿರಬೇಕು ಎಂದುಕೊಂಡು ಹೊಸಬರು ಸ್ವಲ್ಪ ಹೆಚ್ಚೇ ಮರ್ಯಾದೆ ಕೊಡುತ್ತಿದ್ದರು. ಇದ್ದದ್ದು ಬಿಸ್ಕತ್ತಿನ ಪ್ಯಾಕೆಟ್ಟು. ಅದರ ಮೇಲೆ ಕೊಬ್ಬಿಲ್ಲ ಎಂದು ಇಂಗ್ಲಿಷಿನಲ್ಲಿ ದಪ್ಪಗೆ ಬರೆದಿತ್ತು, ಅದನ್ನು ಓದಿ ಹೇಳಿದವಳು ನಾನೇ. ಮದುವೆಯಿರಲಿ ಸಾವಿರಲಿ, ಪ್ಯಾಕೆಟ್ಟು ಜೊತೆಯಲ್ಲೇ ಹೋಗುತ್ತಿತ್ತು. ಕೈ ಚಾಚಿದವರಿಗೆಲ್ಲ ಒಂದೊಂದು ಕೊಟ್ಟು ಉಳಿದದ್ದನ್ನು ತಾವೇ ಮುಗಿಸಿ, "ಕೊಬ್ಬೇ ಇಲ್ಲ ಕಣೇ ಇದ್ರಲ್ಲಿ. ಎಷ್ಟ್ ತಿಂದ್ರೂ ತಿಂದಂಗಲ್ಲ," ಎನ್ನುವರು.

ದೊಡ್ಡಪ್ಪ, ಅಂದರೆ ನಮ್ಮಪ್ಪನ ಅಣ್ಣ ರುದ್ರಪ್ಪನವರು, ಹುಟ್ಟಿನಿಂದ ಹೀಗಿದ್ದವರಲ್ಲ. ಗುಬ್ಬಿಯಲ್ಲಿ ಅವರದು ಕೊಬ್ಬರಿ ಮಂಡಿ. ಗಿರಾಕಿಯೊಂದಿಗೆ ಮಾತಾಡುತ್ತಲೇ ಒಂದು ಚೂರು ಕೊಬ್ಬರಿ ಬಾಯಿಗೆ ಹೋಗಿರುತ್ತಿತ್ತು. ಊಟಕ್ಕೆ ದೊಡ್ಡಮ್ಮ ಗೌರಮ್ಮನವರು ಕಾಸಿದ ತುಪ್ಪ. ಅವರು ವೀಳ್ಯದೆಲೆ ಹಾಕಿ ಬೆಣ್ಣೆ ಕಾಸಿದರೆ ಬೀದಿಯ ಕೊನೆಯ ಮನೆಗೂ ಗೊತ್ತಾಗುತ್ತಿತ್ತು. ತಟ್ಟೆಗೆ ಬಿಸಿ ಮುದ್ದೆ ಬಿದ್ದ ಕೂಡಲೇ ದೊಡ್ಡಮ್ಮ ತುಪ್ಪದ ಮಿಳ್ಳೆ ಹಿಡಿದು "ಬಿಡ್ಲಾ?" ಎನ್ನುವುದು, ದೊಡ್ಡಪ್ಪ ತಲೆಯೆತ್ತದೆ "ಬುಡು" ಎನ್ನುವುದು. ಅವರಿಬ್ಬರ ನಡುವೆ ನಾನು ಕೇಳಿದ ಪ್ರೀತಿಯ ಮಾತು ಅಷ್ಟೇ.

ತೊಂಬತ್ತರ ದಶಕದ ಕೊನೆಯಲ್ಲಿ ಒಮ್ಮೆ ಮರಳೂರಿನ ನಮ್ಮ ಮನೆಗೆ ಬಂದ ದೊಡ್ಡಪ್ಪನನ್ನು ಅಪ್ಪ ಬಲವಂತ ಮಾಡಿ ಡಾಕ್ಟರ ಹತ್ತಿರ ಕರೆದೊಯ್ದರು. ರಕ್ತ ಪರೀಕ್ಷೆಯ ಚೀಟಿ ನೋಡಿ ಡಾಕ್ಟರು, "ಯಜಮಾನ್ರೇ, ನಿಮಗೆ ಕೊಬ್ಬು ಜಾಸ್ತಿ," ಎಂದರಂತೆ. ದೊಡ್ಡಪ್ಪ ಕುರ್ಚಿಯಿಂದ ಎದ್ದೇಬಿಟ್ಟರು.

"ಇಷ್ಟ್ ವರ್ಷದಿಂದ ಮಂಡಿ ಮಡಗಿದೀನಿ ಸಾರ್, ಒಬ್ರತ್ರ ಕೊಬ್ಬು ಅಂತ ಅನ್ನಿಸ್ಕೊಂಡಿಲ್ಲ. ಬೇಕಾದ್ರೆ ಗುಬ್ಬೀಗ್ ಬಂದ್ ಕೇಳಿ."

ಸೊಕ್ಕಿನ ಮಾತಲ್ಲ, ರಕ್ತದೊಳಗಿನ ಕೊಬ್ಬು ಎಂದು ಡಾಕ್ಟರು ಬಿಡಿಸಿ ಹೇಳಿ, "ತುಪ್ಪ ಬಿಡಿ," ಎಂದರು.

"ಬಿಡ್ತಾನೇ ಇದೀನಲ್ಲ ಸಾರ್, ಊಟಕ್ ಕೂತಾಗ್ಲೆಲ್ಲ."

ಅಪ್ಪ ಇದನ್ನು ಹೇಳಿ ಹೇಳಿ ನಕ್ಕರು. ದೊಡ್ಡಪ್ಪ ನಗಲಿಲ್ಲ. ನಮ್ಮ ತಾತ ಎದೆನೋವೆಂದು ಜಗಲಿಯ ಮೇಲೆ ಕೂತವರು ಮತ್ತೆ ಏಳಲಿಲ್ಲ. ದೊಡ್ಡಪ್ಪನ ಒಬ್ಬಳೇ ಮಗಳು ಶಶಿಗೆ ಇನ್ನೂ ಮದುವೆಯಾಗಿರಲಿಲ್ಲ. "ಅವಳ ಧಾರೆ ಎರೆಯೋಗಂಟ ನಾನ್ ಇರ್ಬೇಕು ಕಣಪ್ಪ," ಎಂದು ಅಪ್ಪನ ಮುಂದೆ ಒಮ್ಮೆ ಅತ್ತಿದ್ದೂ ಉಂಟು.

ಆಮೇಲೆ ಮನೆಗೆ ಬದಲಿ ಪದಾರ್ಥಗಳ ಪ್ರವೇಶವಾಯಿತು. ತುಪ್ಪದ ಜಾಗಕ್ಕೆ ಬಣ್ಣವಿಲ್ಲದ ಎಣ್ಣೆ, ಬೆಣ್ಣೆಯ ಜಾಗಕ್ಕೆ ಡಬ್ಬಿಯಲ್ಲಿ ಬರುವ ಹಳದಿ ಮುದ್ದೆ, ಹಸುವಿನ ಹಾಲಿನ ಜಾಗಕ್ಕೆ ಕೆನೆ ತೆಗೆದ ಹಾಲು. ಹಾಲು ಸಪ್ಪೆಯೆನಿಸಿದಾಗ, "ಇನ್ನೆರಡ್ ಚಮಚ ಸಕ್ಕರೆ ಹಾಕು, ಸಕ್ರೇಲಿ ಕೊಬ್ಬಿಲ್ಲ," ಎನ್ನುವರು. ಕೊಬ್ಬು ತಪ್ಪಿಸಿದ ಸಂತೋಷಕ್ಕೆ ಮೇಲೊಂದು ಪ್ಯಾಕೆಟ್ ಬಿಸ್ಕತ್ತು. ವರ್ಷದೊಳಗೆ ಜುಬ್ಬಗಳನ್ನೆಲ್ಲ ಹೊಸದಾಗಿ ಹೊಲಿಸಬೇಕಾಯಿತು. ಬಟ್ಟೆಯೇ ಒಗೆತಕ್ಕೆ ಕುಗ್ಗಿದೆಯೆಂದು ಅವರ ವಾದ.

ದೊಡ್ಡಮ್ಮ ಮಾತ್ರ ಅಭ್ಯಾಸಬಲದಿಂದ ಮಿಳ್ಳೆ ಹಿಡಿದು "ಬಿಡ್ಲಾ?" ಎನ್ನುತ್ತಿದ್ದರು. "ಬಿಟ್ಟಿದೀನಲ್ಲೇ," ಎಂದು ಇವರು ಗದರುವರು. ಒಂದು ದಿನ ಅಡುಗೆಮನೆಯಲ್ಲಿ ದೊಡ್ಡಮ್ಮ ನನ್ನೊಡನೆ, "ನನ್ ಕೈ ತುಪ್ಪ ವಿಷ ಆಗೋಯ್ತು ಕಣೇ ನಿಮ್ ದೊಡ್ಡಪ್ಪಂಗೆ," ಎಂದರು. ನನಗೆ ದೊಡ್ಡಪ್ಪನ ಮೇಲೆ ಬಹಳ ಸಿಟ್ಟು ಬಂತು.

ಶಶಿಯ ಮದುವೆ ಕುಣಿಗಲ್ಲಿಗೆ ಆಯಿತು. ಧಾರೆ ಎರೆಯಲು ದೊಡ್ಡಪ್ಪ ಇದ್ದರು, ದಷ್ಟಪುಷ್ಟವಾಗಿಯೇ ಇದ್ದರು. ಮದುವೆಯಾದ ಮೇಲೆ ಬೀಗರ ಮನೆಯಲ್ಲಿ ಮೊದಲ ಊಟ. ಶಶಿಯ ಅತ್ತೆ ತುಪ್ಪದ ಪಾತ್ರೆ ಹಿಡಿದು ಬಂದರು. ದೊಡ್ಡಪ್ಪ ಒಬ್ಬಟ್ಟಿಗೆ ಅಂಗೈ ಅಡ್ಡ ಇಟ್ಟು, "ಬ್ಯಾಡ ಕಣಮ್ಮ, ತುಪ್ಪ ಬಿಟ್ಟಿದೀನಿ," ಎಂದರು.

ಆಕೆ ಬಗ್ಗಿ ಎಲೆ ನೋಡಿದರು. "ಎಲ್ ಬಿಟ್ಟಿದೀರಾ ಬೀಗ್ರೆ? ಒಬ್ಬಟ್ಟು ಒಣಗ್ಕೊಂಡ್ ಕೂತದೆ. ನಮ್ಮನೇಲಿ ನಾಚ್ಕೋಬ್ಯಾಡಿ." ಬೆರಳ ಸಂದಿಯಿಂದಲೇ ಒಂದು ಸೌಟು ಸುರಿದರು.

"ಅಯ್ಯೋ, ಬಿಟ್ಟಿದೀನಿ ಅಂದ್ನಲ್ಲ. ಬಿಡಿ, ಬಿಡಿ."

ಎರಡು ಸಲ 'ಬಿಡಿ' ಕೇಳಿಸಿಕೊಂಡ ಆಕೆ ಇನ್ನೆರಡು ಸೌಟು ಬಿಟ್ಟರು. ಬಾಗಿಲಲ್ಲಿ ನಿಂತ ಶಶಿ ಅಪ್ಪನನ್ನೇ ನೋಡುತ್ತಿದ್ದಳು. ಮೊದಲ ಊಟದಲ್ಲೇ ಎಲೆ ತಳ್ಳಿದರೆ ಹೇಗೆ? ಮಗಳು ಈ ಮನೆಯಲ್ಲಿ ಬಾಳಬೇಕಲ್ಲ. ದೊಡ್ಡಪ್ಪ ಕಣ್ಣು ಮುಚ್ಚಿ ಬಾಯಿಗಿಟ್ಟರು. ಮುಚ್ಚಿದ ಕಣ್ಣು ಬೇಗ ತೆರೆಯಲಿಲ್ಲ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ದೊಡ್ಡಮ್ಮ ಕಿಟಕಿಯಾಚೆ ನೋಡುತ್ತ, "ಹೆಂಗಿತ್ತು ತುಪ್ಪ?" ಎಂದರು.

"ನಿನ್ ತುಪ್ಪದ್ ಘಮ ಇಲ್ಲ ಬುಡು," ಎಂದರು ದೊಡ್ಡಪ್ಪ. ದೊಡ್ಡಮ್ಮ ಗುಬ್ಬಿ ಬರುವವರೆಗೂ ಕಿಟಕಿಯ ಕಡೆಯೇ ಮುಖ ಮಾಡಿಕೊಂಡು ನಗುತ್ತಿದ್ದರು.

ಮುಂದಿನ ತಿಂಗಳು ಮತ್ತೆ ಡಾಕ್ಟರ ಹತ್ತಿರ ಹೋದೆವು. ಕೊಬ್ಬು ಅಷ್ಟೇನೂ ಇಳಿದಿರಲಿಲ್ಲ, ಜೊತೆಗೆ ಸಕ್ಕರೆ ಕಾಯಿಲೆ ಬಂದು ಕೂತಿತ್ತು. ಏನು ತಿನ್ನುತ್ತೀರಿ ಎಂದಾಗ ದೊಡ್ಡಪ್ಪ ಹೆಮ್ಮೆಯಿಂದ ಪ್ಯಾಕೆಟ್ ತೆಗೆದು ಮೇಜಿನ ಮೇಲಿಟ್ಟರು. ಡಾಕ್ಟರು ಅದರ ಬೆನ್ನು ಓದಿ, "ಕೊಬ್ಬು ತೆಗೆದು ರುಚಿಗೆ ಸಕ್ಕರೆ ತುಂಬಿದ್ದಾರೆ. ಎಲ್ಲ ಕಂಪನಿಯವರೂ ಹೀಗೇ ಅಂತಲ್ಲ. ಆದ್ರೆ ಪ್ಯಾಕೆಟ್ಗಟ್ಟಲೆ ತಿಂದ್ರೆ ಯಾವ್ದೂ ಒಳ್ಳೇದಲ್ಲ," ಎಂದರು.

"ಮತ್ತೆ ತುಪ್ಪ?" ದೊಡ್ಡಪ್ಪನ ಧ್ವನಿ ಸಣ್ಣದಾಗಿತ್ತು.

"ದಿನಕ್ಕೆ ಒಂದು ಚಮಚ ಬಿಡಿ."

ದೊಡ್ಡಪ್ಪ ಈ ಸಲ ಹುಷಾರಾದರು. "ಯಾವ್ ಬಿಡಿ ಸಾರ್? ಹಾಕ್ಕೊಳ್ಳೋ ಬಿಡೀನಾ, ಬಿಟ್ಬಿಡೋ ಬಿಡೀನಾ?"

"ಹಾಕ್ಕೊಳ್ಳೋದು. ಒಂದೇ ಚಮಚ."

ಅಂದು ರಾತ್ರಿ ದೊಡ್ಡಮ್ಮನ "ಬಿಡ್ಲಾ?"ಗೆ "ಬುಡು" ಎಂಬ ಉತ್ತರ ಬಂತು. ಮುಂದೆ ಎಂದಾದರೂ ಅವರು "ಇನ್ನೊಂದ್ ಚೂರು," ಎಂದರೆ ದೊಡ್ಡಮ್ಮನೇ ಮಿಳ್ಳೆಯನ್ನು ಸೆರಗಿನ ಮರೆಗೆ ಒಯ್ಯುತ್ತಿದ್ದರು. ಬಿಸ್ಕತ್ತಿನ ಚಟ ಮಾತ್ರ ಪೂರ್ತಿ ಬಿಡಲಿಲ್ಲ. ಆಮೇಲೆ ಹುಟ್ಟಿದ ಶಶಿಯ ಮಗನಿಗೆಂದು ಜೇಬಿಗೆ ಹಾಕಿಕೊಂಡು, ತಾತ ಮೊಮ್ಮಗ ಇಬ್ಬರೂ ಸಂತೆ ಸುತ್ತುತ್ತ ತಿನ್ನುತ್ತಿದ್ದರು. ಕೆಲವು ವರ್ಷ ಹೀಗೆ ಸುಖವಾಗಿದ್ದು, ಒಂದು ಚಳಿಗಾಲ ದೊಡ್ಡಪ್ಪ ಜ್ವರ ಬಂದು ಹೋಗಿಬಿಟ್ಟರು. ಅದರಲ್ಲಿ ತುಪ್ಪದ ಕೈವಾಡವೂ ಇರಲಿಲ್ಲ, ಬಿಸ್ಕತ್ತಿನದೂ ಇರಲಿಲ್ಲ.

ಅದರ ಮುಂದಿನ ಹಿರಿಯರ ಹಬ್ಬಕ್ಕೆ ದೊಡ್ಡಪ್ಪನ ಫೋಟೋ ಮುಂದೆ ಎಡೆ ಇಟ್ಟಾಗ, ಅವರಿಗೆ ಇಷ್ಟವಾದದ್ದೆಂದು ಶಶಿ ಎಲೆಯ ಪಕ್ಕ ಒಂದು ಬಿಸ್ಕತ್ ಪ್ಯಾಕೆಟ್ಟನ್ನೂ ಇಟ್ಟಳು.

"ಅದ್ನ ತೆಗಿಯೇ," ಎಂದರು ದೊಡ್ಡಮ್ಮ. "ಅಲ್ಲಾದ್ರೂ ನೆಟ್ಗೆ ಉಣ್ಲಿ."

ಆಮೇಲೆ ಮಿಳ್ಳೆ ಎತ್ತಿಕೊಂಡು ಒಬ್ಬಟ್ಟಿನ ಮೇಲೆ ಹಿಡಿದರು. "ಬಿಡ್ಲಾ?" ಎಂದವರು ಹಾಗೆಯೇ ನಿಂತುಬಿಟ್ಟರು.

"ಬುಡಿ ದೊಡ್ಡಮ್ಮ," ಎಂದೆ ನಾನು.

ತುಪ್ಪ ಎಲೆ ದಾಟಿ ನೆಲಕ್ಕೆ ಹರಿದರೂ ಅವರು ಕೈ ತೆಗೆಯಲಿಲ್ಲ.