ಪೆಟ್ಟು ತಿಂದವರ ಜಾಮೀನು

ತರೀಕೆರೆ ಕೋರ್ಟಿನಲ್ಲಿ ನನ್ನಣ್ಣನಿಗೆ ಜಾಮೀನು ನಿಲ್ಲಲು ಮುಂದೆ ಬಂದವರನ್ನು ಕಂಡು ನಾನು ಕಕ್ಕಾಬಿಕ್ಕಿಯಾದೆ. ತಲೆಗೆ ಬ್ಯಾಂಡೇಜು ಸುತ್ತಿಕೊಂಡಿದ್ದ ನಮ್ಮೂರಿನ ರುದ್ರಪ್ಪನವರು! ಬದುವಿನ ಜಗಳದಲ್ಲಿ ಅವರ ತಲೆಗೆ ದೊಣ್ಣೆಯಿಂದ ಹೊಡೆದಿದ್ದಕ್ಕೇ ಅಣ್ಣ ಜೈಲು ಸೇರಿದ್ದ.

ಅದು ಎಂಬತ್ತರ ದಶಕ. ಅಣ್ಣನನ್ನು ಬಿಡಿಸಲು ಸ್ವಂತ ಹೆಸರಿನಲ್ಲಿ ಜಮೀನಿದ್ದವರೊಬ್ಬರು ಪಹಣಿ ತಂದು ಸಹಿ ಹಾಕಬೇಕಿತ್ತು. ವಾಯಿದೆಯ ದಿನ ಅವನು ಕೋರ್ಟಿಗೆ ಬಾರದಿದ್ದರೆ ಅವರೇ ದಂಡ ಕಟ್ಟಬೇಕು. ಹಾಗಾಗಿ ಅಜ್ಜಂಪುರದಿಂದ ಕಡೂರಿನವರೆಗೆ ಅಲೆದರೂ ಯಾವ ನೆಂಟರೂ ಒಪ್ಪಿರಲಿಲ್ಲ. ಕೋರ್ಟಿನ ಎದುರು ಕೂಲಿಗೆ ಜಾಮೀನು ನಿಲ್ಲುವವನೊಬ್ಬ ಇದ್ದ. ಅವನ ಮುಖ ಜಡ್ಜ್ ಸಾಹೇಬರಿಗೆ ಗುರುತಾಗಿಬಿಟ್ಟಿದೆ, ಬೇಡ ಎಂದಿದ್ದರು ನಮ್ಮ ವಕೀಲರು.

"ಹೊಡೆದವನಿಗೆ ನೀವೇ ಜಾಮೀನಾ?" ನ್ಯಾಯಾಧೀಶರು ಕನ್ನಡಕ ತೆಗೆದು ಕೇಳಿದರು.

ರುದ್ರಪ್ಪನವರು ಕೈಮುಗಿದರು. "ಇಬ್ರಿಗೂ ಒಂದೊಂದೇ ಎತ್ತು ಸ್ವಾಮಿ, ಜೋಡಿ ಕಟ್ಟಿ ಉಳ್ತೀವಿ. ಇವನೆತ್ತು ಇವನ್ನ ಬಿಟ್ರೆ ಯಾರ್ನೂ ಹತ್ರ ಸೇರ್ಸಲ್ಲ. ಹೊಲದಾಗೆ ಹದ ಆರೋಯ್ತೈತೆ. ಬಿತ್ನೆ ಆಗ್ಬೇಕಲ್ಲ? ಕೇಸು ಮಾತ್ರ ನಾನು ಬಿಡಾಕಿಲ್ಲ."

ಬಿಡಲೂ ಇಲ್ಲ. ಸಂಜೆ ಮೂವರೂ ಒಂದೇ ಬಸ್ಸಿನಲ್ಲಿ ಊರಿಗೆ ಬಂದೆವು. ರುದ್ರಪ್ಪನವರು ಮುಂದಿನ ಸೀಟಿನಲ್ಲಿ ಕೂತರೆ ಅಣ್ಣ ಹಿಂದಿನ ಸೀಟಿಗೆ ಹೋದ. ಮರುದಿನ ಹೊಲದಲ್ಲಿ ಎತ್ತುಗಳು ಮಾತ್ರ ಜೊತೆಯಾಗಿ ನಡೆದವು.

ಈಗಲೂ ಜಾಮೀನು ಎಂದರೆ ನನಗೆ ನೆನಪಾಗುವುದು ಕೋರ್ಟಲ್ಲ, ವಾಯಿದೆಯ ದಿನ ಬೆಳಿಗ್ಗೆ ನಮ್ಮ ಬಾಗಿಲು ಬಡಿಯುತ್ತಿದ್ದ ರುದ್ರಪ್ಪನವರ ದನಿ: "ಏಳವ್ವಾ, ನಿಮ್ಮಣ್ಣನ್ನ ಎಬ್ಬಿಸು. ನನ್ನ ಕೇಸೈತೆ, ಬಸ್ಸು ತಪ್ಪೋಯ್ತದೆ."